ಚಳ್ಳಕೆರೆಯ ಇರುಳು, ಕೈಯಲ್ಲೊಂದು ಕ್ಯಾಮೆರಾ: ಹೊಟ್ಟೆ ತುಂಬೀತೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವನು. ಬಿ.ಎಸ್ಸಿ. ಮುಗಿದಿದೆ, ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 24 ಮೆಗಾಪಿಕ್ಸೆಲ್‌ನ ನಿಕಾನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರ ಜೊತೆ ಬಂದ 18–55 ಲೆನ್ಸ್, ಒಂದು 50 ಎಂಎಂ ಎಫ್/1.8 ಲೆನ್ಸ್ ಇವೆ. ರಾತ್ರಿ ಆಕಾಶದ ಫೋಟೊ ತೆಗೆಯುವುದು, ಕನ್ನಡದಲ್ಲಿ ಖಗೋಳದ ಬಗ್ಗೆ ಬರೆಯುವುದು, ಇವೆರಡನ್ನೇ ನಂಬಿ ಕೆಲಸ ಬಿಡಬಹುದೇ? ಸಾಲ ಮಾಡಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಸ್ಟಾರ್ ಟ್ರ್ಯಾಕರ್ ಕೊಳ್ಳಬೇಕೆಂದಿದ್ದೇನೆ. ಈಗ ತೆಗೆದ ಆಕಾಶಗಂಗೆಯ ಚಿತ್ರಗಳಲ್ಲಿ ನಕ್ಷತ್ರಗಳು ಚುಕ್ಕಿಯಾಗದೆ ಗೆರೆಯಾಗುತ್ತವೆ, ಮೂಲೆಗಳು ಮಸುಕಾಗುತ್ತವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆಲಸ ಬಿಡಬೇಡಿ. ಸಾಲವಂತೂ ಬೇಡವೇ ಬೇಡ.

ಕನ್ನಡದಲ್ಲಿ ಖಗೋಳ ಬರಹವೊಂದರಿಂದಲೇ ಸಂಸಾರ ಸಾಗುವುದಿಲ್ಲ. ಆಕಾಶಗಂಗೆಯ ಚಿತ್ರ ಮಾರಿಯೂ ಸಾಗುವುದಿಲ್ಲ. ಅಂಥ ಚಿತ್ರ ಇಟ್ಟುಕೊಂಡವರು ಸಾವಿರಾರು ಮಂದಿ, ದುಡ್ಡು ಕೊಟ್ಟು ಕೊಳ್ಳುವವರು ಬೆರಳೆಣಿಕೆಯಷ್ಟು. ಈ ಕ್ಷೇತ್ರದಲ್ಲಿ ಹಣ ಬರುವುದು ಆಕಾಶವನ್ನು ಜನರಿಗೆ ತೋರಿಸಿ, ಅರ್ಥ ಮಾಡಿಸುವ ಕೆಲಸದಿಂದ: ಶಾಲೆಗಳ ವೀಕ್ಷಣಾ ರಾತ್ರಿ, ಹೋಂಸ್ಟೇಗಳ ಆಕಾಶ ದರ್ಶನ, ಫೋಟೊ ಕಾರ್ಯಾಗಾರ, ಅನುವಾದ, ತಾರಾಲಯ ಮತ್ತು ಸಂಶೋಧನಾ ಸಂಸ್ಥೆಗಳ ಸಂವಹನ ಹುದ್ದೆ. ಬರಹವೂ ಚಿತ್ರವೂ ಆ ಕೆಲಸಕ್ಕೆ ನಿಮ್ಮನ್ನು ಕರೆಸುತ್ತವೆ. ನೀವು ಮೇಷ್ಟರಾಗಿರುವುದು ಇಲ್ಲಿ ಅಡ್ಡಿಯಲ್ಲ, ಅನುಕೂಲ. ಪ್ರತಿದಿನ ನಲವತ್ತು ಮಕ್ಕಳ ಮುಂದೆ ನಿಂತು ವಿಷಯ ಬಿಡಿಸಿ ಹೇಳುವ ಅಭ್ಯಾಸವನ್ನು ಯಾವ ಕ್ಯಾಮೆರಾ ಅಂಗಡಿಯೂ ಮಾರುವುದಿಲ್ಲ.

ಇನ್ನೊಂದು ಬಂಡವಾಳ ನಿಮ್ಮ ಊರಿನ ಆಕಾಶ. ಚಳ್ಳಕೆರೆ ಇರುವುದು ಸುಮಾರು 14.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಕಾಶಗಂಗೆಯ ಕೇಂದ್ರ, ಅಂದರೆ ಧನು ರಾಶಿಯ ಕಡೆಗಿರುವ ದಟ್ಟ ಭಾಗ, ನಿಮ್ಮಲ್ಲಿ ದಕ್ಷಿಣ ದಿಗಂತದಿಂದ ಸುಮಾರು 47 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ ಅದೇ ಭಾಗ 10 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಅಲ್ಲಿಯವರು ವಿಮಾನ ಹತ್ತಿ ಹೋಗಿ ತೆಗೆಯುವ ಚಿತ್ರವನ್ನು ನೀವು ಬೈಕಿನಲ್ಲಿ ಹೋಗಿ ತೆಗೆಯಬಹುದು. ಮಲೆನಾಡಿನಂತೆ ಮೋಡದ ಕಾಟವೂ ಅಷ್ಟಿಲ್ಲ. ಕತ್ತಲ ಆಕಾಶಕ್ಕೆ ಹೆಸರಾದ ಲಡಾಖಿನ ಹಾನ್ಲೆಗೆ ಆಮೇಲೆ ಹೋದರಾಯಿತು. ಮೊದಲು ಒಂದು ವರ್ಷ ನಿಮ್ಮ ತಾಲ್ಲೂಕಿನ ಆಕಾಶವನ್ನು ತಿಂಗಳು ತಿಂಗಳೂ ತೆಗೆಯಿರಿ, ತೆಗೆದದ್ದರ ಬಗ್ಗೆ ಬರೆಯಿರಿ.

ಈಗ ನಿಮ್ಮ ನಕ್ಷತ್ರಗಳು ಏಕೆ ಗೆರೆಯಾದವು ನೋಡೋಣ. ಗೆರೆ ಬಾರದಂತೆ ಎಷ್ಟು ಸೆಕೆಂಡ್ ತೆರೆದಿಡಬಹುದು ಎಂದು ಹೇಳುವ "500ರ ನಿಯಮ"ವನ್ನು ಬಹುಶಃ ನೀವು ಬಳಸಿದ್ದೀರಿ. 500ನ್ನು 18ರಿಂದಲೂ ಕ್ರಾಪ್ ಗುಣಕ 1.5ರಿಂದಲೂ ಭಾಗಿಸಿದರೆ ಸುಮಾರು 18 ಸೆಕೆಂಡ್ ಬರುತ್ತದೆ. ಆ ನಿಯಮ ಫಿಲ್ಮ್ ಕಾಲದ್ದು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್‌ನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಸರಿಯುತ್ತದೆ. ನಿಮ್ಮ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್, 18 ಎಂಎಂ ಲೆನ್ಸ್ ಹಾಕಿದಾಗ ಒಂದು ಪಿಕ್ಸೆಲ್ ಆಕಾಶದ ಸುಮಾರು 45 ಆರ್ಕ್‌ಸೆಕೆಂಡನ್ನು ಹಿಡಿಯುತ್ತದೆ. 20 ಸೆಕೆಂಡ್ ತೆರೆದಿಟ್ಟರೆ ನಕ್ಷತ್ರ 300 ಆರ್ಕ್‌ಸೆಕೆಂಡ್, ಅಂದರೆ ಆರೇಳು ಪಿಕ್ಸೆಲ್ ಜಾರಿರುತ್ತದೆ. ಗೆರೆ ಕಾಣದೆ ಇನ್ನೇನು? ಇದಕ್ಕಿಂತ ಮೇಲಾದ ಲೆಕ್ಕ ಹೀಗಿದೆ: ಎಫ್ ಸಂಖ್ಯೆಯನ್ನು (ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) 35ರಿಂದ ಗುಣಿಸಿ, ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 30ರಿಂದ ಗುಣಿಸಿ, ಎರಡನ್ನೂ ಕೂಡಿಸಿ ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿ. 18 ಎಂಎಂ, ಎಫ್/3.5ಕ್ಕೆ ಸುಮಾರು 13 ಸೆಕೆಂಡ್ ಬರುತ್ತದೆ. 50 ಎಂಎಂ ಲೆನ್ಸಿಗೆ ಎಫ್/2.8ರಲ್ಲಿ ನಾಲ್ಕೇ ಸೆಕೆಂಡ್. ನಕ್ಷತ್ರಗಳು ಬೇಗ ಸರಿಯುವುದು ಖಗೋಳದ ಮಧ್ಯರೇಖೆಯ ಬಳಿ; ಧ್ರುವದ ಹತ್ತಿರ ನಿಧಾನ. ಆದ್ದರಿಂದ ಧ್ರುವ ನಕ್ಷತ್ರದ ಕಡೆ ತೆಗೆದ ಚಿತ್ರದಲ್ಲಿ ಸರಿ ಬಂದ ಹೊತ್ತು ಮಧ್ಯರೇಖೆಯ ಮೇಲಿರುವ ಮಹಾವ್ಯಾಧನ (ಒರಾಯನ್) ಕಡೆ ತಿರುಗಿಸಿದಾಗ ಕೈಕೊಡುತ್ತದೆ.

ಹೊತ್ತು ಕಡಿಮೆಯಾಯಿತು, ಬೆಳಕೂ ಕಡಿಮೆಯಾಯಿತು. ಅದನ್ನು ತುಂಬಿಕೊಳ್ಳುವುದು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ. ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 3200, ಎಫ್/3.5, 13 ಸೆಕೆಂಡ್, ಹೀಗೆ ಒಂದೇ ಚೌಕಟ್ಟಿನಲ್ಲಿ 20 ಚಿತ್ರ ಸಾಲಾಗಿ ತೆಗೆಯಿರಿ. ಕಾಳುಕಾಳಾಗಿ ಕಾಣುವ ನಾಯ್ಸ್, ಚಿತ್ರಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. 20 ಚಿತ್ರಕ್ಕೆ ಸುಮಾರು ನಾಲ್ಕೂವರೆ ಪಟ್ಟು. ಈ 20 ಚಿತ್ರ ಮುಗಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ಆಕಾಶ ಒಂದು ಡಿಗ್ರಿ ತಿರುಗಿರುತ್ತದೆ. ಹಾಗಾಗಿ ನೆಲವನ್ನು ಬೇರೆ, ಆಕಾಶವನ್ನು ಬೇರೆ ಜೋಡಿಸಬೇಕು. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಸೀಕ್ವೇಟರ್ ತಂತ್ರಾಂಶ ಇದನ್ನೇ ಮಾಡುತ್ತದೆ: ಆಕಾಶದ ಭಾಗವನ್ನು ಬ್ರಷ್‌ನಿಂದ ಬಳಿದು ತೋರಿಸಿ, ನೆಲ ಅಲುಗದಂತೆ ಇಡುವ ಆಯ್ಕೆ ಒತ್ತಿ. ಮರದ ಕೊಂಬೆ, ಹುಲ್ಲಿನ ಅಂಚಿನಲ್ಲಿ ಬಳಿಯುವುದು ತಪ್ಪಿದರೆ ಅಲ್ಲೊಂದು ಮಂಜಿನ ಪಟ್ಟಿ ಬರುತ್ತದೆ. ಆರಂಭದಲ್ಲಿ ನೇರ ಅಂಚಿನ ಬಂಡೆ, ಗುಡ್ಡಗಳನ್ನೇ ಮುನ್ನೆಲೆಗೆ ಇಟ್ಟುಕೊಂಡರೆ ಈ ತಲೆನೋವಿಲ್ಲ. ನಿಮ್ಮ ಸೀಮೆಯಲ್ಲಿ ಬಂಡೆಗೇನು ಬರ!

ಡಾರ್ಕ್ ಚಿತ್ರಗಳನ್ನು ಬಿಡಬೇಡಿ. ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್ಒ, ಅದೇ ಹೊತ್ತಿನಲ್ಲಿ ಹತ್ತು ಹದಿನೈದು ಚಿತ್ರ ತೆಗೆದರೆ ಸೆನ್ಸರಿನ ಕೆಂಪು, ನೀಲಿ ಚುಕ್ಕಿಗಳನ್ನು ತಂತ್ರಾಂಶ ಕಳೆಯುತ್ತದೆ. ಆ ಚುಕ್ಕಿಗಳು ಸೆನ್ಸರಿನ ಶಾಖದಿಂದ ಹುಟ್ಟುವಂಥವು. ಏಪ್ರಿಲ್ ತಿಂಗಳ ರಾತ್ರಿ ಹೊಲದಲ್ಲಿ ತೆಗೆದ ಚಿತ್ರಕ್ಕೆ ಮನೆಯಲ್ಲಿ ಫ್ಯಾನ್ ಕೆಳಗೆ ತೆಗೆದ ಡಾರ್ಕ್ ಹೊಂದುವುದಿಲ್ಲ. ಅಲ್ಲೇ, ಆ ಹೊತ್ತಿಗೇ ತೆಗೆದುಬಿಡಿ. ಕ್ಯಾಮೆರಾದೊಳಗಿನ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ; ಇಲ್ಲದಿದ್ದರೆ ಪ್ರತಿ 13 ಸೆಕೆಂಡಿಗೆ ಇನ್ನೊಂದು 13 ಸೆಕೆಂಡ್ ಕಾಯಿಸುತ್ತದೆ.

ಮೂಲೆಯ ಮಸುಕಿಗೆ ಎರಡು ಕಾರಣ ಇರಬಹುದು. ಒಂದು, ಲೆನ್ಸನ್ನು ಪೂರ್ತಿ ತೆರೆದಾಗ ಅಂಚಿನ ನಕ್ಷತ್ರಗಳು ಹಕ್ಕಿಯ ರೆಕ್ಕೆಯ ಹಾಗೆ ಹರಡುತ್ತವೆ. 50 ಎಂಎಂ ಲೆನ್ಸಿನ ಕಿಂಡಿಯನ್ನು ಎಫ್/1.8ರಿಂದ 2.8ಕ್ಕೆ ಕಿರಿದಾಗಿಸಿದರೆ ಇದು ಬಹಳ ಮಟ್ಟಿಗೆ ಹೋಗುತ್ತದೆ. ಎರಡು, ಫೋಕಸ್ ತಪ್ಪಿದೆ. ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಮ್ಯಾನ್ಯುವಲ್ ಫೋಕಸ್‌ಗೆ ಹಾಕಿ, ವೈಬ್ರೇಷನ್ ರಿಡಕ್ಷನ್ ಆಫ್ ಮಾಡಿ, ಲೈವ್ ವ್ಯೂನಲ್ಲಿ ಲುಬ್ಧಕವನ್ನೋ ಗುರುವನ್ನೋ ಪೂರ್ತಿ ಹಿಗ್ಗಿಸಿ ನೋಡುತ್ತಾ ಉಂಗುರ ತಿರುಗಿಸಿ. ಚುಕ್ಕಿ ಕುಗ್ಗುತ್ತಾ ಬಂದು ಮತ್ತೆ ಹಿಗ್ಗಲು ಶುರುವಾಗುತ್ತದೆ. ಒಮ್ಮೆ ದಾಟಿ ಹೋಗಿ, ಹಿಂದಕ್ಕೆ ಬಂದು ಅತಿ ಚಿಕ್ಕದಾದಲ್ಲಿ ನಿಲ್ಲಿಸಿ. ಅಂಥ ಉಜ್ವಲ ಚುಕ್ಕಿ ಸಿಗದಿದ್ದರೆ ಕಿಲೋಮೀಟರ್ ಆಚೆಯ ಮೊಬೈಲ್ ಟವರಿನ ಕೆಂಪು ದೀಪವೂ ಆದೀತು. ಹಗಲು 38 ಡಿಗ್ರಿ ಇದ್ದದ್ದು ನಡುರಾತ್ರಿ 24ಕ್ಕೆ ಇಳಿದಾಗ ಲೆನ್ಸ್ ಕುಗ್ಗಿ ಫೋಕಸ್ ಜರುಗುತ್ತದೆ. ಗಂಟೆಗೊಮ್ಮೆ ಮತ್ತೆ ನೋಡಿ. ಮೂರು ಗಂಟೆಯ ದುಡಿಮೆ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಚಿತ್ರ ಯಾವಾಗಲೂ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ರೂಪದಲ್ಲಿರಲಿ. ಚಿತ್ರದ ಕತ್ತಲು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಗುಡ್ಡ ಎಡಗೋಡೆಗೆ ಅಂಟಿಕೊಳ್ಳದೆ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗದಷ್ಟು ಬಲಕ್ಕೆ ಬಂದಿರಬೇಕು. ಕತ್ತಲಲ್ಲಿ ಕ್ಯಾಮೆರಾ ಪರದೆ ಕಣ್ಣಿಗೆ ಸುಳ್ಳು ಹೇಳುತ್ತದೆ, ಎಲ್ಲ ಚಿತ್ರವೂ ಬೆಳ್ಳಗೆ ಕಾಣುತ್ತದೆ. ಟ್ರೈಪಾಡಿನ ನಡುಗಂಬ ಎತ್ತಬೇಡಿ. ನಿಮ್ಮ ಕಡೆ ಗಾಳಿ ಜೋರು. ಇಲ್ಲದಿದ್ದರೆ ಅಷ್ಟು ಗಾಳಿಯಂತ್ರ ಯಾಕೆ ನಿಲ್ಲಿಸುತ್ತಿದ್ದರು? ಆ ಯಂತ್ರಗಳ ಮಿನುಗುವ ಕೆಂಪು ದೀಪ ಚೌಕಟ್ಟಿನೊಳಗೆ ಬಾರದಂತೆ ಹಗಲಿನಲ್ಲೇ ಜಾಗ ನೋಡಿಕೊಂಡು ಬನ್ನಿ. ಡಿಸೆಂಬರ್, ಜನವರಿಯಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಹೀಟರ್ ಪಟ್ಟಿಯನ್ನು ಮೊದಲೇ ಸುತ್ತಿಡಬೇಕು. ಇಬ್ಬನಿ ಕೂತ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕೂರುತ್ತದೆ, ಜೊತೆಗೆ ದೂಳು ಗೀರು ಹಾಕುತ್ತದೆ.

ಯಾವಾಗ ಹೋಗಬೇಕು? ನಕ್ಷತ್ರಗಳು ದಿನಕ್ಕೆ 4 ನಿಮಿಷ, ಅಂದರೆ ತಿಂಗಳಿಗೆ 2 ಗಂಟೆ ಮುಂಚೆ ಹುಟ್ಟುತ್ತವೆ. ಆಕಾಶಗಂಗೆಯ ಕೇಂದ್ರ ನಿಮ್ಮೂರಲ್ಲಿ ಫೆಬ್ರುವರಿ ನಡುವೆ ಬೆಳಗಿನ ಜಾವ 3ರ ಸುಮಾರಿಗೆ, ಮಾರ್ಚ್ 20ರ ಹೊತ್ತಿಗೆ ರಾತ್ರಿ 12.45ಕ್ಕೆ, ಏಪ್ರಿಲ್ 20ಕ್ಕೆ 10.45ಕ್ಕೆ, ಮೇ 20ಕ್ಕೆ 9 ಗಂಟೆಯೊಳಗೆ ಆಗ್ನೇಯದಲ್ಲಿ ಮೂಡುತ್ತದೆ. ದಿಗಂತದ ಮಬ್ಬು ದಾಟಲು ಇನ್ನೂ ಒಂದೂವರೆ ಗಂಟೆ ಬೇಕು. ಮೇನಲ್ಲಿ ಮುಂಗಾರು ಪೂರ್ವದ ಮೋಡ ಶುರು. ಹಾಗಾಗಿ ಮಾರ್ಚ್, ಏಪ್ರಿಲ್ ಅಮಾವಾಸ್ಯೆಯ ಆಚೆ ಈಚೆ ಐದೈದು ದಿನ ನಿಮ್ಮ ಸುಗ್ಗಿ. ಜಾಗ ಆರಿಸುವಾಗ ಒಂದು ಮಾತು ನೆನಪಿಡಿ: ನೀವು ನೋಡುವುದು ದಕ್ಷಿಣಕ್ಕೆ, ಆದ್ದರಿಂದ ಪಟ್ಟಣದ ಬೆಳಕು ನಿಮ್ಮ ಬೆನ್ನ ಹಿಂದೆ, ಉತ್ತರಕ್ಕೆ ಇರಬೇಕು. ಚಳ್ಳಕೆರೆಯಿಂದ ತೆಂಕಣಕ್ಕೆ ಹೋಗುವುದಕ್ಕೂ ಬಡಗಣಕ್ಕೆ ಹೋಗುವುದಕ್ಕೂ ಚಿತ್ರದಲ್ಲಿ ಅಜಗಜಾಂತರ.

ರಕ್ಷಿತ ಅರಣ್ಯಕ್ಕೆ ರಾತ್ರಿ ಕಾಲಿಡುವಂತಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಕರಡಿ, ಚಿರತೆಗಳೂ ಇವೆ. ಪುರಾತತ್ವ ಸರ್ವೇಕ್ಷಣೆಯ ಕೋಟೆ, ಗುಡಿಗಳು ಸೂರ್ಯಾಸ್ತಕ್ಕೆ ಮುಚ್ಚುತ್ತವೆ, ಟ್ರೈಪಾಡಿಗೆ ಹಗಲಲ್ಲೂ ಅನುಮತಿ ಬೇಕು. ಪರಿಚಯದವರ ಹೊಲವೇ ವಾಸಿ. ಹೊಲದವರಿಗೂ ಊರಿನ ಹಿರಿಯರೊಬ್ಬರಿಗೂ ಮೊದಲೇ ಹೇಳಿಡಿ, ಒಬ್ಬರೇ ಹೋಗಬೇಡಿ. ನಡುರಾತ್ರಿ ಪಂಪ್‌ಸೆಟ್ ಹಾಕಲು ಬಂದವರಿಗೆ ಮೂರು ಕಾಲಿನ ಕಂಬದ ಪಕ್ಕ ಕೂತ ಅಪರಿಚಿತ ಏನಾಗಿ ಕಂಡಾನು, ಯೋಚಿಸಿ.

ಟ್ರ್ಯಾಕರ್ ಬೇಕೆ ಎಂಬ ಪ್ರಶ್ನೆಗೆ ಉತ್ತರ: ಈಗ ಬೇಡ, ಎರಡನೇ ವರ್ಷ ಬೇಕಾದೀತು. ಅದನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ನಿಮ್ಮಲ್ಲಿ ಧ್ರುವ ಇರುವುದು ಬರೀ 14 ಡಿಗ್ರಿ ಎತ್ತರದಲ್ಲಿ. ಒಂದು ಹುಣಸೆ ಮರ, ಒಂದು ಗುಡ್ಡ, ಸ್ವಲ್ಪ ದೂಳು ಸಾಕು ಅದನ್ನು ಮರೆಮಾಡಲು. ಯುರೋಪಿನವರ ವಿಡಿಯೊ ನೋಡಿ ಕಲಿತವರು ಇಲ್ಲೇ ಎಡವುತ್ತಾರೆ. ಅಕ್ಷ ಇಷ್ಟು ಬಗ್ಗಿದಾಗ ಸಮತೋಲದ ತೂಕ ಟ್ರೈಪಾಡಿನ ಕಾಲಿಗೆ ಬಡಿಯುವುದೂ ಉಂಟು. ಕೊಳ್ಳುವ ಮುನ್ನ ಅದರ ಬುಡ 14 ಡಿಗ್ರಿಗೆ ಇಳಿಯುತ್ತದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಫುಲ್ ಫ್ರೇಮ್ ಕ್ಯಾಮೆರಾದ ಬಗ್ಗೆ ಇಷ್ಟೇ: ಅದರಿಂದ ಸಿಗುವ ಲಾಭವನ್ನು ಸದ್ಯಕ್ಕೆ ಚಿತ್ರಗಳ ಜೋಡಣೆಯಿಂದಲೇ ಪಡೆಯಬಹುದು.

ಚಂದ್ರನನ್ನು ಕಡೆಗಣಿಸಬೇಡಿ. ಪತ್ರಿಕೆಗಳು ಆಕಾಶಗಂಗೆಗಿಂತ ಹೆಚ್ಚಾಗಿ ಕೇಳುವುದು ಗೋಪುರದ ಹಿಂದೆ ಏರುವ ಹುಣ್ಣಿಮೆ ಚಂದ್ರನನ್ನು. ಲೆಕ್ಕ ಸುಲಭ: ಒಂದು ವಸ್ತು ತನ್ನ ಅಳತೆಯ 110 ಪಟ್ಟು ದೂರದಲ್ಲಿದ್ದಾಗ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ. 6 ಮೀಟರ್ ಎತ್ತರದ ಗುಡಿಯ ಶಿಖರವನ್ನು ಚಂದ್ರನೊಳಗೆ ಸರಿಯಾಗಿ ಕೂರಿಸಬೇಕಾದರೆ ನೀವು 660 ಮೀಟರ್ ಹಿಂದೆ ನಿಲ್ಲಬೇಕು. ಸೆನ್ಸರಿನ ಮೇಲೆ ಚಂದ್ರನ ಬಿಂಬ ಫೋಕಲ್ ಉದ್ದದ 110ನೇ ಒಂದು ಭಾಗ: 55 ಎಂಎಂಗೆ ಅರ್ಧ ಮಿಲಿಮೀಟರ್, 300 ಎಂಎಂಗೆ ಹೆಚ್ಚುಕಡಿಮೆ 2.7 ಮಿಲಿಮೀಟರ್. ಆದ್ದರಿಂದ ಆ ಒಂದು ಸಂಜೆಗೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಮದುವೆ ಫೋಟೊ ತೆಗೆಯುವವರಿಂದ ಉದ್ದ ಲೆನ್ಸ್ ಬಾಡಿಗೆಗೆ ತನ್ನಿ. ಸೂರ್ಯಾಸ್ತಕ್ಕೂ ಚಂದ್ರೋದಯಕ್ಕೂ ಹತ್ತು ಹದಿನೈದು ನಿಮಿಷದಷ್ಟೇ ಅಂತರವಿರುವ ದಿನ ಆರಿಸಿ. ಆಗ ಗುಡಿಯ ಮೇಲೂ ಬೆಳಕಿರುತ್ತದೆ. ಮರುದಿನಕ್ಕೆ ಬಿಟ್ಟರೆ ಚಂದ್ರ ಮುಕ್ಕಾಲು ಗಂಟೆಗೂ ಹೆಚ್ಚು ತಡ, ಗುಡಿ ಕಪ್ಪು, ಚಂದ್ರ ಬರಿ ಬಿಳಿ ತಟ್ಟೆ.

ಇನ್ನು ಬರಹ. ನಾಸಾದ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ ಕೊಡುವವರು ಬೇಕಾದಷ್ಟು ಇದ್ದಾರೆ. ನಿಮ್ಮೂರಿನ ಮಾತಿನಲ್ಲೇ ಇರುವ ಆಕಾಶವನ್ನು ಬರೆಯುವವರು ಕಡಿಮೆ. ಮಳೆ ನಕ್ಷತ್ರಗಳನ್ನೇ ತೆಗೆದುಕೊಳ್ಳಿ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎನ್ನುವ ರೈತರಿಗೆ ರೋಹಿಣಿ ನಕ್ಷತ್ರ ಯಾವುದು ಎಂದರೆ ತೋರಿಸಲಾಗುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಸೂರ್ಯನ ದಾರಿಯನ್ನು 27 ಭಾಗ ಮಾಡಿದರೆ ಒಂದೊಂದು ಭಾಗ 13 ಡಿಗ್ರಿ 20 ಮಿನಿಟು. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ನಡೆಯುವುದರಿಂದ ಒಂದು ಮಳೆಗೆ 13–14 ದಿನ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ ಎಂದರೆ ಸೂರ್ಯ ರೋಹಿಣಿಯ ಮನೆಗೆ ಹೋದ ಎಂದರ್ಥ. ಮಳೆಯ ಕಾಲದಲ್ಲಿ ಆ ನಕ್ಷತ್ರ ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ, ಕಾಣುವುದಾದರೂ ಹೇಗೆ? ಕಾಣಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್ ಮೊದಲ ವಾರ ನಡುರಾತ್ರಿ ಹೊಲದಲ್ಲಿ ಮಲಗಿ ಮೇಲೆ ನೋಡಿದರೆ, ನೆತ್ತಿಯಿಂದ ಎರಡೇ ಡಿಗ್ರಿ ಆಚೆ, ಕಿತ್ತಳೆ ಬಣ್ಣದ ಆ ಚುಕ್ಕಿ 65 ಜ್ಯೋತಿರ್ವರ್ಷ ದೂರದ ರೋಹಿಣಿ. ಅದೇ ಬಣ್ಣ ನಿಮ್ಮ 50 ಎಂಎಂ ಲೆನ್ಸಿನಲ್ಲಿ ಸೊಗಸಾಗಿ ಬರುತ್ತದೆ, ಪಕ್ಕದಲ್ಲೇ ಕೃತ್ತಿಕೆಯ ಗೊಂಚಲೂ ಸಿಗುತ್ತದೆ. ಚಿತ್ರ ಡಿಸೆಂಬರಿನಲ್ಲಿ, ಲೇಖನ ಮೇ ತಿಂಗಳಲ್ಲಿ. ಚಿತ್ರವೂ ಬರಹವೂ ಒಬ್ಬರ ಕೈಯಲ್ಲೇ ಇರುವುದರ ಲಾಭ ಇದು. ಸಂಪಾದಕರು ಬೇರೆ ಕಡೆ ಹುಡುಕಬೇಕಾಗಿಲ್ಲ. ಮಕರ ಸಂಕ್ರಾಂತಿಗೂ ಡಿಸೆಂಬರ್ 21–22ರ ನಿಜವಾದ ಉತ್ತರಾಯಣಕ್ಕೂ ಏಕೆ ಮೂರು ವಾರಕ್ಕೂ ಹೆಚ್ಚು ಅಂತರ, ಶಾಸನಗಳಲ್ಲಿ "ಸೂರ್ಯೋಪರಾಗ", "ಸೋಮೋಪರಾಗ" ಎಂದು ಕೆತ್ತಿದ ಗ್ರಹಣಗಳು ಕಾಲ ನಿರ್ಣಯಕ್ಕೆ ಹೇಗೆ ನೆರವಾಗುತ್ತವೆ, ಬೆಂಗಳೂರಿನಲ್ಲಿ ಏಪ್ರಿಲ್ 24–25ಕ್ಕೂ ಆಗಸ್ಟ್ 18ಕ್ಕೂ ಮಧ್ಯಾಹ್ನ ನೆರಳು ಮಾಯವಾಗುವ ಸಂಗತಿ ನಿಮ್ಮೂರಲ್ಲಿ ಯಾವ ದಿನ ಬೀಳುತ್ತದೆ: ಇಂಥ ವಿಷಯ ವರ್ಷಕ್ಕೆ ಹನ್ನೆರಡು ಸಿಕ್ಕರೆ ಒಂದು ಅಂಕಣವಾಯಿತು.

ಬರೆದದ್ದು ಕೆಡುವುದು ಹೆಚ್ಚಾಗಿ ಅಂಕಿಗಳಲ್ಲಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ 100 ಕೋಟಿ, ಟ್ರಿಲಿಯನ್ ಒಂದು ಲಕ್ಷ ಕೋಟಿ. ವಿಶ್ವದ ವಯಸ್ಸು 1,380 ಕೋಟಿ ವರ್ಷ, ಅದನ್ನು "13.8 ಕೋಟಿ" ಎಂದು ಬರೆದರೆ ಡೈನೊಸಾರ್‌ಗಳು ವಿಶ್ವಕ್ಕಿಂತ ಹಿರಿಯರಾಗಿಬಿಡುತ್ತವೆ. ಒಂದು ಜ್ಯೋತಿರ್ವರ್ಷ ಎಂದರೆ 9.46 ಲಕ್ಷ ಕೋಟಿ ಕಿಲೋಮೀಟರ್, ಅದು ದೂರ, ಕಾಲವಲ್ಲ. ಪದಗಳಲ್ಲೂ ಎಚ್ಚರ ಬೇಕು. ನಕ್ಷತ್ರಪುಂಜ ಎಂಬುದನ್ನು ಒಬ್ಬರು ಮಹಾವ್ಯಾಧದಂಥ ಆಕೃತಿಗೆ ಬಳಸಿದರೆ ಇನ್ನೊಬ್ಬರು ಗೆಲಾಕ್ಸಿಗೆ ಬಳಸುತ್ತಾರೆ. ಒಂದು ಲೇಖನದಲ್ಲಿ ಒಂದು ವಸ್ತುವಿಗೆ ಒಂದೇ ಪದ ಇರಲಿ, ಮೊದಲ ಸಲ ಬಂದಾಗ ಅರ್ಥ ಹೇಳಿಬಿಡಿ. ಗೆಲಾಕ್ಸಿ ಎಂದೇ ಬರೆಯುವುದು ನನ್ನ ಮಟ್ಟಿಗೆ ಲೇಸು. ಓದುಗರಿಗೆ ಗೊತ್ತಿರುವ ಪದವನ್ನು ಬಿಟ್ಟು ಸಂಸ್ಕೃತದ ಹೊಸ ಪದ ಹೊಸೆಯಬೇಕಾಗಿಲ್ಲ. "ಭೂಮಿಗೆ ಅಪ್ಪಳಿಸಲಿದೆಯೇ ಕ್ಷುದ್ರಗ್ರಹ?" ಎಂಬ ತಲೆಬರಹಕ್ಕೆ ಎಂದೂ ಒಪ್ಪಬೇಡಿ. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಭೂಸ್ಥಿರ ಉಪಗ್ರಹಗಳು ಇರುವುದು 35,786 ಕಿಲೋಮೀಟರಿನಲ್ಲಿ. ಈ ಎರಡು ಅಂಕಿಗಳೇ ಸಾಕಷ್ಟು ರೋಚಕ, ಅಪ್ಪಳಿಸುವ ಸುಳ್ಳು ಬೇಕಿಲ್ಲ.

ಕಳಿಸುವ ರೀತಿ: ದಿನಪತ್ರಿಕೆಯ ಪುರವಣಿಗೆ ಘಟನೆಗಿಂತ ಎರಡು ವಾರ ಮೊದಲು, ಮಾಸಿಕಕ್ಕೆ ಎರಡು ತಿಂಗಳು ಮೊದಲು. 500 ಪದ ಮೀರಬೇಡಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ "ಬಾಲವಿಜ್ಞಾನ" ಮಾಸಿಕ ಹೊಸಬರಿಗೆ ಒಳ್ಳೆಯ ಗರಡಿ. ಇನ್ನೂ ನುಡಿ ತಂತ್ರಾಂಶದಲ್ಲೇ ಪುಟ ಕಟ್ಟುವ ಕಚೇರಿಗಳಿವೆ. ಯೂನಿಕೋಡಿನಿಂದ ಬದಲಿಸಿ ಕಳಿಸಿದರೆ ಅರ್ಕಾವತ್ತು, ಡಿಗ್ರಿ ಚಿಹ್ನೆ, ದಶಮಾಂಶದ ಚುಕ್ಕಿಗಳನ್ನು ಮತ್ತೊಮ್ಮೆ ನೋಡಿ. ಚುಕ್ಕಿ ಬಿದ್ದುಹೋದರೆ 9.46 ಎಂಬುದು 946 ಆಗುತ್ತದೆ. ಜೊತೆಗೆ ಒಂದು ಪಿಡಿಎಫ್ ಇಟ್ಟರೆ ಹೋಲಿಸಿ ನೋಡುವವರಿಗೆ ಅನುಕೂಲ.

ಬೇರೆಯವರ ಚಿತ್ರ ಬಳಸುವಾಗ: ನಾಸಾದ ಸ್ವಂತ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯವಿಲ್ಲ. ಆದರೆ ನಾಸಾದ "ದಿನದ ಖಗೋಳ ಚಿತ್ರ" ಪುಟದಲ್ಲಿ ಬರುವ ಅನೇಕ ಚಿತ್ರಗಳು ಖಾಸಗಿ ಛಾಯಾಗ್ರಾಹಕರವು, ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಯುರೋಪಿನ ದಕ್ಷಿಣ ವೀಕ್ಷಣಾಲಯದ ಚಿತ್ರಗಳನ್ನು ಹೆಸರು ಹಾಕಿ ಬಳಸಬಹುದು. ನಿಮ್ಮ ಚಿತ್ರದ ವಿಷಯಕ್ಕೆ ಬಂದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಓದಿಕೊಳ್ಳಿ: ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಹಕ್ಕುದಾರರು ತೆಗೆಸಿದವರೇ. ರೆಸಾರ್ಟಿನವರು ತಮ್ಮ ಜಾಗದ ಆಕಾಶ ತೆಗೆದುಕೊಡಿ ಎಂದಾಗ, ಹಕ್ಕು ನನ್ನದು, ಬಳಕೆಯ ಅನುಮತಿ ನಿಮ್ಮದು ಎಂದು ಇಮೇಲಿನಲ್ಲಿ ಎರಡು ಸಾಲು ಬರೆಸಿಕೊಳ್ಳದಿದ್ದರೆ ಆಮೇಲೆ ಪುಸ್ತಕಕ್ಕೆ ಅದೇ ಚಿತ್ರ ಹಾಕಲು ಅವರನ್ನೇ ಕೇಳಬೇಕಾಗುತ್ತದೆ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ.

ಆದಾಯಕ್ಕೆ ಮೊದಲ ಖರ್ಚು ಮಾಡುವುದಾದರೆ ಟ್ರ್ಯಾಕರಿಗಲ್ಲ, 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ, ಕನ್ನಡಿಯ) ದೂರದರ್ಶಕಕ್ಕೆ ಮಾಡಿ. 1,200 ಎಂಎಂ ಫೋಕಲ್ ಉದ್ದಕ್ಕೆ 25 ಎಂಎಂ ಕಣ್ಣುಮಸೂರ ಹಾಕಿದರೆ 48 ಪಟ್ಟು; ಚಂದ್ರನ ಕುಳಿ, ಗುರುವಿನ ನಾಲ್ಕು ಚಂದ್ರ, ಶನಿಯ ಉಂಗುರ ಕಾಣಲು ಅಷ್ಟು ಸಾಕು. 2025ರಲ್ಲಿ ಉಂಗುರ ಅಂಚಿನಿಂದ ಕಾಣುತ್ತಿದ್ದುದರಿಂದ ಗೆರೆಯಂತಾಗಿತ್ತು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿದೆ. ನಲವತ್ತು ಮಕ್ಕಳಿಗೆ ತಲಾ 45 ಸೆಕೆಂಡ್ ಎಂದರೂ ಒಂದು ಗ್ರಹಕ್ಕೆ ಅರ್ಧ ಗಂಟೆ. 48 ಪಟ್ಟಿನಲ್ಲಿ ಗ್ರಹ ನೋಟದ ಒಂದಂಚಿನಿಂದ ಇನ್ನೊಂದಂಚಿಗೆ ಸುಮಾರು ನಾಲ್ಕು ನಿಮಿಷದಲ್ಲಿ ಸರಿಯುತ್ತದೆ, ಪ್ರತಿ ಮೂವರು ಮಕ್ಕಳಾದ ಮೇಲೆ ನೀವು ಮತ್ತೆ ನಡುವಿಗೆ ತರಬೇಕು. 10 ಎಂಎಂ ಹಾಕಿ 120 ಪಟ್ಟು ಮಾಡುವ ಆಸೆಗೆ ಬಿದ್ದರೆ ಒಂದೂವರೆ ನಿಮಿಷಕ್ಕೇ ಗ್ರಹ ನಾಪತ್ತೆ, ಕೊನೆಯಲ್ಲಿ ನಿಂತ ಮಗು ಕತ್ತಲೆ ನೋಡಿ "ಕಂಡಿತು ಸಾರ್" ಎಂದು ಸುಳ್ಳು ಹೇಳಿ ಹೋಗುತ್ತದೆ. ಒಂದು ಸಂಜೆಗೆ ಎರಡು ವಸ್ತು, ಬಾಕಿ ಹೊತ್ತು ಬರಿಗಣ್ಣಿನ ನಕ್ಷತ್ರ ಪರಿಚಯ. ದರ ಹೇಳುವಾಗ ಹೋಗಿಬರುವ ಖರ್ಚು, ಸಹಾಯಕರ ಕೂಲಿ, ಮೋಡ ಬಂದರೆ ಏನು ಎಂಬುದು, ಮೂರನ್ನೂ ಮೊದಲೇ ಮಾತಾಡಿ. ಮೋಡ ಬಂದರೆ ತೋರಿಸಲು ನಿಮ್ಮದೇ ಚಿತ್ರಗಳ ಮುಕ್ಕಾಲು ಗಂಟೆಯ ಪಾಠ ಸಿದ್ಧವಿರಲಿ.

ಸಂಬಳದ ಹುದ್ದೆಯೇ ಗುರಿಯಾದರೆ ಎಂ.ಎಸ್ಸಿ. ಮಾಡಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾ, ಇವುಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ. ಹುದ್ದೆಗಳು ಕಡಿಮೆ, ಬರುವುದೂ ಅಪರೂಪ. ಅರ್ಜಿಯ ಜೊತೆ ಪ್ರಕಟವಾದ ಇಪ್ಪತ್ತು ಲೇಖನ ಇಟ್ಟವರಿಗೆ ತೂಕ ಹೆಚ್ಚು. ಹಾನ್ಲೆಯ ದೋರ್ಜೆ ಅಂಗ್‌ಚುಕ್ ಅವರ ರಾತ್ರಿ ಆಕಾಶದ ಚಿತ್ರಗಳನ್ನು ನೀವು ನೋಡಿರಬಹುದು. ಅವರು ಅಲ್ಲಿನ ವೀಕ್ಷಣಾಲಯದ ಎಂಜಿನಿಯರ್. ಕೆಲಸ ಇಟ್ಟುಕೊಂಡೇ ಹೆಸರು ಮಾಡಿದವರು. 2022ರ ಡಿಸೆಂಬರಿನಲ್ಲಿ ಹಾನ್ಲೆ ಸುತ್ತಲ ಪ್ರದೇಶ ಕತ್ತಲ ಆಕಾಶದ ಮೀಸಲು ಪ್ರದೇಶವಾದ ಮೇಲೆ ಅಲ್ಲಿಯ ಹಳ್ಳಿಯವರಿಗೇ ತರಬೇತಿ, ದೂರದರ್ಶಕ ಕೊಟ್ಟು ಪ್ರವಾಸಿಗರಿಗೆ ಆಕಾಶ ತೋರಿಸುವ ಏರ್ಪಾಡು ಮಾಡಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಅಂಥದ್ದನ್ನು ಸಣ್ಣ ಮಟ್ಟದಲ್ಲಿ ಶುರು ಮಾಡಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಡೈರಿಯಲ್ಲಿ ಮೂರು ದಿನ ಗುರುತು ಹಾಕಿಕೊಳ್ಳಿ. 2027ರ ಆಗಸ್ಟ್ 2ರ ಸಂಜೆ ಕರ್ನಾಟಕಕ್ಕೆ ಪಾರ್ಶ್ವ ಸೂರ್ಯಗ್ರಹಣ; ಸೋಲಾರ್ ಫಿಲ್ಟರ್ ಲೆನ್ಸಿನ ಮುಂದೆಯೇ ಇರಬೇಕು, ಕಣ್ಣಿನ ಕಡೆಗೆ ಅಲ್ಲ. 2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾಯುತ್ತದೆ. ಇವೆರಡಕ್ಕಿಂತ ನಿಮಗೆ ಒದಗಿ ಬರುವಂಥದ್ದು 2028ರ ಡಿಸೆಂಬರ್ 31ರ ಪೂರ್ಣ ಚಂದ್ರಗ್ರಹಣ. ಚಂದ್ರ ಪೂರ್ತಿ ನೆರಳಿಗೆ ಬೀಳುವುದು ರಾತ್ರಿ 9.45ರ ಸುಮಾರಿಗೆ, ನಡುಗಾಲ 10.22. ಚಂದ್ರ ಆಗ ಬಹಳ ಎತ್ತರದಲ್ಲಿರುವುದರಿಂದ ಗುಡಿ, ಬೆಟ್ಟಗಳ ಜೊತೆ ಉದ್ದ ಲೆನ್ಸಿನಲ್ಲಿ ಸಿಗುವುದಿಲ್ಲ. 18 ಎಂಎಂ ಲೆನ್ಸನ್ನು ನಿಲುವಾಗಿ ಇಟ್ಟು, ಐದು ನಿಮಿಷಕ್ಕೊಂದರಂತೆ ಚಿತ್ರ ತೆಗೆದು ಚಂದ್ರನ ಸರಮಾಲೆ ಕಟ್ಟಬೇಕು. ಪೂರ್ಣಗ್ರಹಣ ಶುರುವಾದೊಡನೆ ಎಕ್ಸ್‌ಪೋಷರನ್ನು ಒಮ್ಮೆಲೇ ನೂರಾರು ಪಟ್ಟು ಏರಿಸಬೇಕಾಗುತ್ತದೆ, ಅದಕ್ಕೆ ಹಿಂದಿನ ಹುಣ್ಣಿಮೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಪತ್ರಿಕೆಯ ಜಿಲ್ಲಾ ಪುಟ ಅಷ್ಟು ಹೊತ್ತಿಗೆ ಮುಚ್ಚುತ್ತಿರುತ್ತದೆ. ಆದ್ದರಿಂದ 9 ಗಂಟೆಯ ಪಾರ್ಶ್ವ ಹಂತದ ಒಂದು ಚಿತ್ರವನ್ನು ಎರಡು ಸಾಲಿನ ಅಡಿಬರಹದೊಡನೆ ಹೊಲದಿಂದಲೇ ಕಳಿಸಿ, ಕೆಂಪು ಚಂದ್ರನದನ್ನು 10ಕ್ಕೆ. ಹೊಲದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹಗಲಲ್ಲೇ ನೋಡಿಟ್ಟಿರಿ.